ಬಾಲವಿದ್ದ ಫೋಟೋ

ಸೆಪ್ಟೆಂಬರ್ ಹನ್ನೆರಡು, ಮೋಡವಿತ್ತು, ಮಳೆಯಿರಲಿಲ್ಲ. ಗೊದಮೊಟ್ಟೆಯಾಗಿದ್ದಾಗ ಕಾಲೇಜು ಶುಲ್ಕಕ್ಕೆ ಸಹಾಯ ಕೋರಿ ಅರ್ಜಿ ಹಾಕಿದ್ದ ಕಪ್ಪೆಯನ್ನು ಗುಮಾಸ್ತ ಆಮೆ ಅಂದು ಕರೆಸಿತು. ಶುಲ್ಕ ಹತ್ತು ನೊಣ. ಕಟ್ಟಲು ಅಂದೇ ಕೊನೆಯ ದಿನ.

"ಫೋಟೋದಲ್ಲಿ ಬಾಲವಿದೆ. ನಿನಗೇಕಿಲ್ಲ?" ಎಂದಿತು ಆಮೆ.

"ತಾವು ಅರ್ಜಿ ನೋಡುವಷ್ಟರಲ್ಲಿ ಕರಗಿಹೋಯಿತು, ಸ್ವಾಮಿ."

"ಕಚೇರಿ ಎಂದೂ ತಡಮಾಡುವುದಿಲ್ಲ. ನೀನೇ ಅವಸರಪಟ್ಟು ಬೆಳೆದಿದ್ದೀಯೆ. ಅನುಮತಿಯಿಲ್ಲದೆ ಬೆಳೆದದ್ದಕ್ಕೆ ದಂಡವಿದೆ. ಅದನ್ನು ಮುರಿದುಕೊಂಡು ಉಳಿದದ್ದು ಕೊಡುತ್ತೇನೆ."

"ದೊಡ್ಡ ಮನಸ್ಸು ತಮ್ಮದು," ಎಂದು ಕೈಮುಗಿದು, ಕೊಟ್ಟದ್ದನ್ನು ಹಿಡಿದು ಕಪ್ಪೆ ಹೊರಬಂತು.

ಬೆಳಗಿನಿಂದ ಬಾಗಿಲಲ್ಲೇ ಕಾದಿದ್ದ ತಾಯಿ, "ಎಷ್ಟು ಕೊಟ್ಟರು ಮಗಾ? ಬೇಗ ಹೋಗಿ ಕಟ್ಟೋಣ," ಎಂದಿತು.

ಕಪ್ಪೆ ಅಂಗೈ ಬಿಚ್ಚಿ ತೋರಿಸಿತು. ನೊಣದ ಒಂದು ರೆಕ್ಕೆಯಿತ್ತು.