ಬೊಮ್ಮಜ್ಜನ ಬಿರುಕು

ಕೆಂಚಲಗೆರೆಯ ಏರಿಯ ಮೇಲೆ ಪಡುವಣಕ್ಕೆ ನಡೆದರೆ, ಹುಣಸೆಮರಗಳ ಸಾಲು ಮುಗಿಯುವಲ್ಲಿ ಹಳೆಯ ತೂಬು ಸಿಗುತ್ತದೆ. ಎರಡು ಕಲ್ಲುಕಂಬ, ಮೇಲೊಂದು ಅಡ್ಡಪಟ್ಟಿ, ಕೆಳಗೆ ನೀರಿಗಿಳಿಯುವ ಹನ್ನೊಂದು ಮೆಟ್ಟಿಲು. ತೂಬಿನ ಬಲಗಡೆಯ ಗೋಡೆಗೆ ಬಳಿದ ಗಾರೆ ಇಂದಿಗೂ ನುಣ್ಣಗೆ ಮಿರುಗುತ್ತದೆ; ಮೊಳೆ ಹೊಡೆದರೆ ಮೊಳೆ ಬಾಗೀತೇ ಹೊರತು ಗಾರೆ ಚಕ್ಕೆಯೇಳುವುದಿಲ್ಲ. ಆ ಗೋಡೆಯ ನಟ್ಟನಡುವೆ ಒಂದಾಳುದ್ದದ ಬಿರುಕಿದೆ. ಹೆಬ್ಬೆರಳು ಸಲೀಸಾಗಿ ಒಳಗೆ ಹೋಗುತ್ತದೆ. ಬಂದವರೆಲ್ಲ ಬೆರಳಿಟ್ಟು ನೋಡಿ ನೋಡಿ ಅದರ ಅಂಚು ಸವೆದಿದೆ. ಇದೇ ಬೊಮ್ಮಜ್ಜನ ಬಿರುಕು. ಕೆರೆಗೆ ಬೇರೆ ಹೆಸರಿದ್ದರೂ ಸುತ್ತಲ ಹಳ್ಳಿಯವರು ಬಸ್ಸಿನಲ್ಲಿ ಟಿಕೆಟ್ಟು ಕೇಳುವಾಗ ಈ ಹೆಸರನ್ನೇ ಹೇಳುತ್ತಾರೆ.

ಹಿಂದೆ ಒಮ್ಮೆ, ಪಾಳೆಯಗಾರರ ಕಾಲದಲ್ಲಿ, ಬೊಮ್ಮಣ್ಣನೆಂಬ ಸುಣ್ಣಗಾರ ಮುದುಕನೊಬ್ಬ ವಯಸ್ಸಾಗಿ ಬೆರಳಿನ ಸೂಕ್ಷ್ಮ ಕಳೆದುಕೊಂಡಿದ್ದನಂತೆ. ಮಾಗದ ಸುಣ್ಣವನ್ನು ಮಾಗಿದೆಯೆಂದು ತಿಳಿದು ತೂಬಿನ ಕೆಲಸಕ್ಕೆ ಕೊಟ್ಟನಂತೆ. ತೂಬು ಒಡೆದು ಕೆರೆ ಬರಿದಾಯಿತಂತೆ. ಅದಕ್ಕೇ ಈ ಹೆಸರು ಎನ್ನುತ್ತಾರೆ. ನಾನೂ ಐವತ್ತು ವರ್ಷದಿಂದ ಹಾಗೇ ಎನ್ನುತ್ತ ಬಂದಿದ್ದೇನೆ. ಊರಿನ ಹಳೆಯ ಸಂಗತಿಗಳನ್ನು ಬಲ್ಲವನೆಂದು ಜನ ನನ್ನನ್ನು ನಂಬುತ್ತಾರೆ. ನಾನು ಆ ಬೊಮ್ಮಜ್ಜನ ವಂಶದವನು, ಬಸ್ ನಿಲ್ದಾಣದ ಎದುರಿನ ಸಿಮೆಂಟು ಮತ್ತು ಸುಣ್ಣಬಣ್ಣದ ಅಂಗಡಿ ನಮ್ಮದೇ. ನಡೆದದ್ದು ಹಾಗಲ್ಲವೆಂದು ನನಗೆ ಚೆನ್ನಾಗಿ ಗೊತ್ತು. ಬಾಯಿಬಿಟ್ಟು ಹೇಳಲಾರದ್ದನ್ನು ಇಲ್ಲಿ ಬರೆದಿಡುತ್ತಿದ್ದೇನೆ, ಅಷ್ಟೂ ಮಾಡದೆ ಹೋದರೆ ನನ್ನಂಥ ಹೇಡಿ ಇನ್ನೊಬ್ಬನಿಲ್ಲ.

ಬೊಮ್ಮಜ್ಜನ ಸುಣ್ಣದ ಗೂಡು ಊರಾಚೆಯ ದಿಬ್ಬದ ಮೇಲಿತ್ತು. ಕಲ್ಲು ಒಡೆಯುವವರು, ಗೂಡು ಸುಡುವವರು, ಎತ್ತು ಕಟ್ಟಿ ಗಾರೆ ಅರೆಯುವವರು ಎಂದು ಏಳು ಮನೆಗಳ ಒಲೆಗಳು ಆ ಗೂಡನ್ನು ನಂಬಿ ಉರಿಯುತ್ತಿದ್ದವು. ಸುಟ್ಟ ಕಲ್ಲನ್ನು ನೀರು ಹಾಕಿ ಅರಳಿಸಿ ಗುಂಡಿಗೆ ತುಂಬುವುದು, ಮೇಲೆ ಸದಾ ಒಂದು ಗೇಣು ನೀರು ನಿಲ್ಲಿಸುವುದು ಅವರ ಪದ್ಧತಿ. ಗೋಡೆಗೆ ಬಳಿಯುವ ಸುಣ್ಣ ಒಂದೆರಡು ತಿಂಗಳು ನೆನೆದರೂ ನಡೆಯುತ್ತಿತ್ತು. ಆದರೆ ಕೆರೆ, ಬಾವಿ, ತೂಬು ಎಂದು ನೀರಿನ ಕೆಲಸಕ್ಕೆ ಹೋಗುವ ಸುಣ್ಣ ಒಂದು ಪೂರ್ತಿ ಮಳೆಗಾಲ ಗುಂಡಿಯಲ್ಲಿ ಕಳೆಯಲೇಬೇಕು. ಅರಳದೆ ಉಳಿದ ಒಂದು ಹರಳು ಗಾರೆಯೊಳಗೆ ಸೇರಿಕೊಂಡರೂ ಅದು ತಿಂಗಳುಗಟ್ಟಲೆ ಸುಮ್ಮನಿದ್ದು, ಆಮೇಲೆ ನೀರು ಕುಡಿದು ಉಬ್ಬಿ ಗೋಡೆಯನ್ನು ಸೀಳುತ್ತದೆ. ಹಾಗಾಗಿ ಗುಂಡಿ ತೆರೆಯುವ ದಿನ ಮನೆಯ ಹಿರಿಯ ಒಂದು ಹಿಡಿ ಸುಣ್ಣ ತೆಗೆದು, ಹೆಬ್ಬೆರಳು ತೋರುಬೆರಳಿನ ನಡುವೆ ಉಜ್ಜಿ ನೋಡಬೇಕು. ಬೆಣ್ಣೆಯಂತೆ ಜಾರಿದರೆ ಹೂಂ ಎನ್ನಬೇಕು. ಆ ಹೂಂ ಬರುವ ತನಕ ಯಾರೂ ಗುಂಡಿಗೆ ಸಲಿಕೆ ಹಾಕುವಂತಿಲ್ಲ. ಬೊಮ್ಮಜ್ಜನ ಹೂಂಗೆ ನಾಲ್ಕು ಸೀಮೆಯಲ್ಲಿ ಬೆಲೆಯಿತ್ತು ಎನ್ನುತ್ತಾರೆ. ಕೆರೆಗೆ ಬಾಗಿನ ಬಿಡುವ ದಿನ ಮೊದಲ ವೀಳ್ಯ ಅವನಿಗೇ ಸಲ್ಲುತ್ತಿತ್ತು.

ಅವನಿಗೆ ಓಬಯ್ಯ ಎಂಬ ಮೊಮ್ಮಗನಿದ್ದ. ಹೆತ್ತವರನ್ನು ಎಳವೆಯಲ್ಲೇ ಕಳೆದುಕೊಂಡಿದ್ದ ಅವನನ್ನು ಅಜ್ಜನೇ ಸಾಕಿದ್ದ. ತಾನು ಉಂಡನೋ ಬಿಟ್ಟನೋ, ಓಬಯ್ಯನ ತಟ್ಟೆಗೆ ತುಪ್ಪ ಬಿದ್ದಿದೆಯೇ ಎಂದು ನೋಡದೆ ಅಜ್ಜ ಕೈ ತೊಳೆಯುತ್ತಿರಲಿಲ್ಲವಂತೆ. ಓಬಯ್ಯ ಕೆಲಸಗಾರನೇ ಹೌದು, ಸೋಮಾರಿಯಲ್ಲ. ಆದರೆ ನಮ್ಮ ಓಬಯ್ಯನವರಿಗೆ ಹೊಗಳಿಕೆಯ ಹುಚ್ಚು. ತೂಬಿನ ಜೀರ್ಣೋದ್ಧಾರಕ್ಕೆ ಅಪ್ಪಣೆಯಾದ ವರ್ಷವೇ ಪಾಳೆಯಗಾರರ ಹೊಸ ಹಜಾರಕ್ಕೂ ಗಾರೆ ಬೇಕೆಂದು ಕರೆ ಬಂತು. ಮಳೆಗಾಲ ಕಳೆದ ಹಳೆಯ ಗುಂಡಿ ಇದ್ದದ್ದು ಒಂದೇ, ಅದನ್ನು ಬೊಮ್ಮಜ್ಜ ತೂಬಿಗೆಂದು ತೆಗೆದಿರಿಸಿದ್ದ. ಹಜಾರದ ಗೋಡೆ ಕನ್ನಡಿಯಂತೆ ಹೊಳೆದರೆ ಬಂದು ಹೋಗುವವರೆಲ್ಲ ಯಾರ ಕೈಕೆಲಸ ಎಂದು ಕೇಳುತ್ತಾರೆ, ನೀರಿನೊಳಗಿನ ಗಾರೆಯನ್ನು ಯಾವ ಮೀನು ಬಂದು ಹೊಗಳಬೇಕು ಎಂದು ಓಬಯ್ಯ ಲೆಕ್ಕ ಹಾಕಿದ. ಆ ಹೊತ್ತಿಗೇ ಬೊಮ್ಮಜ್ಜ ಗೂಡಿನ ಕೆಂಡ ಕಾಲ ಮೇಲೆ ಬಿದ್ದು ತಿಂಗಳುಗಟ್ಟಲೆ ಮಂಚ ಹಿಡಿದಿದ್ದ. ಓಬಯ್ಯ ಹಳೆಯ ಗುಂಡಿಯ ಸುಣ್ಣವನ್ನು ಹಜಾರಕ್ಕೆ ಸಾಗಿಸಿದ. ತೂಬಿಗೆ, ಅರಳಿಸಿ ನಲವತ್ತು ದಿನವೂ ಆಗಿರದ ಹೊಸ ಗುಂಡಿಯ ಸುಣ್ಣ ಹೋಯಿತು.

ಆದರೆ ಅಜ್ಜನ ಹೂಂ ಇಲ್ಲದೆ ಆಳುಗಳು ಸಲಿಕೆ ಹಿಡಿಯರಲ್ಲ! ಅದಕ್ಕೆ ಓಬಯ್ಯ ಮಾಡಿದ ಕೆಲಸವನ್ನು ಬರೆಯಲು ನನಗೆ ಕೈ ಬರುತ್ತಿಲ್ಲ. ಹಳೆಯ ಗುಂಡಿಯಿಂದ ಯಾರಿಗೂ ಕಾಣದಂತೆ ಒಂದು ಹಿಡಿ ತೆಗೆದು, ಮುತ್ತುಗದ ಎಲೆಯಲ್ಲಿಟ್ಟುಕೊಂಡು, ಆಳುಗಳನ್ನೂ ಕರೆದುಕೊಂಡು ಅಜ್ಜನ ಮಂಚದ ಬಳಿಗೆ ಹೋದ.

“ತೂಬಿಗೆ ಹೋಗೋದು ಇದೇ ಏನ್ಲಾ?” ಎಂದು ಅಜ್ಜ ಕೇಳಿದ.

“ಇದೇ ಕಣಜ್ಜ,” ಎಂದ ಓಬಯ್ಯ.

ಬೊಮ್ಮಜ್ಜ ಎದ್ದು ಕೂತು, ಬೆರಳುಗಳ ನಡುವೆ ಉಜ್ಜಿದ. ಹರಳೆಂಬುದು ಇರಲಿಲ್ಲ. ಸಂತೋಷದಿಂದ ಹೂಂ ಎಂದು, ಬೆರಳಿಗಂಟಿದ ಸುಣ್ಣವನ್ನು ಮೊಮ್ಮಗನ ಹಣೆಗೆ ಬೊಟ್ಟಿನಂತೆ ಇಟ್ಟನಂತೆ. ಓಬಯ್ಯ ಅದನ್ನು ದಾರಿಯಲ್ಲಿ ಒರೆಸಿಕೊಂಡ.

ಮೊದಲ ವರ್ಷ ಏನೂ ಆಗಲಿಲ್ಲ. ಎರಡನೆಯ ವರ್ಷ ಕೆರೆ ಕೋಡಿ ಬಿದ್ದ ಮೇಲೆ ತೂಬಿನ ಗೋಡೆ ಅಲ್ಲಲ್ಲಿ ಉಬ್ಬಿ ಚಕ್ಕೆಯೇಳತೊಡಗಿತು. ಭತ್ತ ಹಾಲುತುಂಬುವ ಸಮಯದಲ್ಲಿ, ಒಂದು ಮಧ್ಯಾಹ್ನ, ಗೋಡೆ ಸೀಳಿ ಕಲ್ಲುಗಳು ಜಾರಿ ನೀರು ನುಗ್ಗಿತು. ಯಾರ ಜೀವಕ್ಕೂ ಎರವಾಗಲಿಲ್ಲ, ಅದೊಂದು ಪುಣ್ಯ. ಆದರೆ ಕೆಳಗಿನ ಗದ್ದೆಗಳೆಲ್ಲ ಕೊಚ್ಚಿಹೋದವು, ಎರಡು ದಿನದಲ್ಲಿ ಕೆರೆ ಬರೀ ಕೆಸರಾಯಿತು. ಗೌಡರು ಊರವರನ್ನೆಲ್ಲ ಏರಿಯ ಮೇಲೆ ಸೇರಿಸಿ ಅಜ್ಜ ಮೊಮ್ಮಗನಿಬ್ಬರನ್ನೂ ಕರೆಸಿದರು. ಬೊಮ್ಮಜ್ಜ ಕುಂಟುತ್ತ ಮೆಟ್ಟಿಲಿಳಿದು, ಬಿರುಕಿನೊಳಗಿಂದ ಒಂದು ಚೂರು ಗಾರೆ ಕಿತ್ತು ಬೆರಳಲ್ಲಿ ಪುಡಿಮಾಡಿದ. ಹರಳು ಸಿಕ್ಕಿತು. ಇನ್ನೊಂದು ಚೂರು ಕಿತ್ತ, ಅದರಲ್ಲೂ ಸಿಕ್ಕಿತು. ತಾನು ಮಂಚದ ಮೇಲೆ ಮುಟ್ಟಿದ ಸುಣ್ಣ ಇದಲ್ಲವೆಂದು ಅವನಿಗೆ ಆಗಲೇ ತಿಳಿಯಿತು. ತಲೆಯೆತ್ತಿ ಮೊಮ್ಮಗನನ್ನು ನೋಡಿದ. ಓಬಯ್ಯ ನೆಲ ನೋಡುತ್ತ ನಿಂತಿದ್ದ.

ಅಜ್ಜನ ಮನಸ್ಸಿನಲ್ಲಿ ಏನೇನು ಹಾದುಹೋಯಿತೋ ಹೇಳಲಾರೆ. ಮುಂದೆ ಗೂಡು ನಡೆಸಬೇಕಾದವನು ಓಬಯ್ಯ. ಎಳೆಯನೇ ಮೋಸಗಾರನೆಂದು ತಿಳಿದರೆ ಆ ಗೂಡಿನ ಸುಣ್ಣವನ್ನು ಯಾವ ಊರೂ ಮುಟ್ಟುವುದಿಲ್ಲ, ಏಳು ಒಲೆಗಳೂ ಆರುತ್ತವೆ. ಮುದುಕನ ಕೈ ತಪ್ಪಿತೆಂದರೆ ಜನ ಬೈದಾರು, ಮರೆತಾರು. ಇಷ್ಟನ್ನು ಅವನು ಯೋಚಿಸಿರಬೇಕು. ಅಥವಾ ಏನನ್ನೂ ಯೋಚಿಸದೆ, ಸಾಕಿದ ಕೂಸು ತಲೆ ತಗ್ಗಿಸಿ ನಿಂತದ್ದನ್ನು ನೋಡಲಾರದೆ ಹೋದನೋ ಏನೋ.

“ನೋಡಿ ಹೂಂ ಅಂದೋನು ನಾನು ಗೌಡ್ರೆ,” ಎಂದ ಬೊಮ್ಮಜ್ಜ. “ಆಳುಗಳನ್ನ ಕೇಳಿ, ಅವರ ಮುಂದೇ ಅಂದಿದ್ದು. ನನ್ನ ಬೆರಳು ಸತ್ತು ಹೋಗವೆ.”

ಆಳುಗಳು ಹೌದೆಂದರು. ಅವರ ಮಟ್ಟಿಗೆ ಅದು ನಿಜವೇ. ಓಬಯ್ಯ ಒಂದು ಮಾತು ಆಡಬಹುದಿತ್ತು, ಆಡಲಿಲ್ಲ. ಗೌಡರು ತೀರ್ಪು ಕೊಟ್ಟರು. ತೂಬನ್ನು ಆ ಮನೆಯವರೇ ಮಾಗಿದ ಗಾರೆಯಲ್ಲಿ ಮತ್ತೆ ಕಟ್ಟಿಕೊಡಬೇಕು. ಹೊರಗೋಡೆಯ ಬಿರುಕನ್ನು ಮಾತ್ರ ಮುಚ್ಚದೆ ಮುಂದಿನ ಕಸುಬುದಾರರಿಗೆ ಪಾಠವಾಗಿ ಉಳಿಸಬೇಕು. ಬೊಮ್ಮಣ್ಣನ ಕೈ ಇನ್ನು ಯಾವ ಗುಂಡಿಯನ್ನೂ ಮುಟ್ಟಕೂಡದು. ಅಂದಿನಿಂದ ಆ ಗೋಡೆಯ ಸೀಳಿಗೆ ಅವನ ಹೆಸರು ಬಿತ್ತು.

ಆಮೇಲೆ ಬೊಮ್ಮಜ್ಜ ಹನ್ನೊಂದು ವರ್ಷ ಬದುಕಿದನಂತೆ. ಮನೆಯೊಳಗಾದರೂ ಮೊಮ್ಮಗನನ್ನು ಬೈಯಬಹುದಿತ್ತು, ಬೈಯಲಿಲ್ಲ. ಗುಂಡಿ ತೆರೆಯುವ ದಿನ ಓಬಯ್ಯ ಸುಣ್ಣ ಉಜ್ಜಿ ಹೂಂ ಎನ್ನುವಾಗ ದೂರದಲ್ಲಿ ಕಲ್ಲಿನ ಮೇಲೆ ಕೂತು ನೋಡುತ್ತಿದ್ದ. ಆಗ ಅವನ ಹೆಬ್ಬೆರಳು ತೋರುಬೆರಳು ತಮ್ಮಷ್ಟಕ್ಕೆ ತಾವೇ ಉಜ್ಜಿಕೊಳ್ಳುತ್ತಿದ್ದವಂತೆ. ಅಜ್ಜ ಗಾಳಿಯಲ್ಲಿ ಹರಳು ಹುಡುಕ್ತವ್ನೆ ಎಂದು ಜನ ನಗುತ್ತಿದ್ದರು. ಓಬಯ್ಯನೂ ಆ ಜನರ ನಡುವೆಯೇ ನಿಂತಿರುತ್ತಿದ್ದ. ಕೊನೆಗೆ ಅಜ್ಜ ಹಾಸಿಗೆ ಹಿಡಿದಾಗ, ಊರವರನ್ನು ಕರೆದು ನಿಜ ಹೇಳಿಬಿಡುತ್ತೇನೆಂದು ಓಬಯ್ಯ ಅವನ ಪಾದದ ಬಳಿ ಕೂತು ಅತ್ತನಂತೆ. ಅಂದು ಗೂಡಿಗೆ ಬೆಂಕಿ ಕೊಟ್ಟಾಗಿತ್ತು, ಸುಟ್ಟ ಕಲ್ಲು ಇಳಿಸಲು ಇನ್ನೂ ಕೆಲವು ದಿನ ಬೇಕಿತ್ತು.

“ಈ ಗೂಡು ಇಳೀಲಿ ಮಗ, ಆಮೇಲೆ ಹೇಳೀಯಂತೆ,” ಎಂದ ಅಜ್ಜ.

ಗೂಡು ಇಳಿಯುವ ಮುಂಚೆ ಅಜ್ಜ ತೀರಿಕೊಂಡ. ಆ ಗೂಡು ಇಳಿಯಿತು, ಅದರ ಮೇಲೆ ಇನ್ನೊಂದು ಏರಿತು, ಓಬಯ್ಯನಿಗೆ ಹೇಳಲು ಬಿಡುವಾಗಲಿಲ್ಲ. ಮುದಿ ವಯಸ್ಸಿನಲ್ಲಿ, ವ್ಯಾಪಾರ ಮಗನ ಕೈಗೆ ಕೊಡುವ ದಿನ, ಅವನೊಬ್ಬನಿಗೇ ಹೇಳಿದ. ಅಲ್ಲಿಂದ ಇದೇ ನಮ್ಮ ಮನೆಯ ಸಂಪ್ರದಾಯವಾಯಿತು. ಬೀಗದ ಕೈಯ ಜೊತೆ ಈ ಮಾತೂ ತಲೆಯಿಂದ ತಲೆಗೆ ಬರುತ್ತದೆ, ಮನೆಯ ಹೊಸಿಲು ಮಾತ್ರ ದಾಟುವುದಿಲ್ಲ. ನನಗೆ ನನ್ನ ತಂದೆ ಹೇಳಿದ್ದು ನಾನು ಅಂಗಡಿಯಲ್ಲಿ ಕೂತ ವರ್ಷ. ಕೇಳಿ ಮೂರು ದಿನ ಅನ್ನ ಸೇರಲಿಲ್ಲ. ನಾಲ್ಕನೆಯ ದಿನ ಸೇರಿತು.

ಕಳೆದ ವರ್ಷ ಪಂಚಾಯ್ತಿಯವರು ಏರಿಯ ಮೇಲೆ ಸಿಮೆಂಟಿನ ಬೆಂಚು ಹಾಕಿಸಿದರು. ಸ್ಥಳದ ಮಹಿಮೆ ತಿಳಿಸುವ ಫಲಕವೊಂದನ್ನು ನಿಲ್ಲಿಸಬೇಕೆಂದು ಕಾರ್ಯದರ್ಶಿ ಅಂಗಡಿಗೇ ಬಂದು, ನೀವು ಹೇಳಿದ್ದನ್ನೇ ಬರೆಸುತ್ತೇವೆ ಎಂದರು. ಇಷ್ಟು ತಲೆಮಾರು ಕಾದದ್ದು ಆ ಗಳಿಗೆಗೇ ಎಂದು ನನಗನ್ನಿಸಿತು. ಬಾಯಿ ತೆರೆದೆ. ಗಲ್ಲಾದಲ್ಲಿ ನನ್ನ ಮೊಮ್ಮಗ ಶಶಾಂಕ ಕೂತಿದ್ದ. ಅಂಗಡಿ ಅವನ ಕೈಗೆ ಬಂದು ಇನ್ನೂ ಎರಡು ತಿಂಗಳಾಗಿರಲಿಲ್ಲ, ಎದುರಿಗೆ ಮನೆ ಕಟ್ಟಿಸುವ ಗಿರಾಕಿಗಳು ನಿಂತಿದ್ದರು. ವಯಸ್ಸಾದ ಸುಣ್ಣಗಾರನೊಬ್ಬನ ಕೈತಪ್ಪಿನಿಂದ ಉಂಟಾದ ಬಿರುಕು ಎಂದು ಬರೆಸಿ ಎಂದೆ. ಬಣ್ಣವನ್ನು ನಮ್ಮ ಅಂಗಡಿಯಿಂದಲೇ ಪುಕ್ಕಟೆ ಕೊಟ್ಟೆ.

ಈಗ ಭಾನುವಾರ ಬಂತೆಂದರೆ ಪೇಟೆಯವರು ಮಕ್ಕಳನ್ನು ಕಟ್ಟಿಕೊಂಡು ಬರುತ್ತಾರೆ. ತೂಬಿನ ಮೆಟ್ಟಿಲಿಳಿದು ಗೋಡೆ ಸವರುತ್ತಾರೆ, ಫಲಕವನ್ನು ಗಟ್ಟಿಯಾಗಿ ಓದುತ್ತಾರೆ, ಬಿರುಕಿನೊಳಗೆ ಬೆರಳು ತೂರಿಸಿ ನಗುತ್ತಾರೆ. ಸಂಜೆ ತಿರುಗಾಡಲು ಹೋದ ನನ್ನನ್ನು ಕಂಡು, ಈ ಊರಿನ ಹಿರಿಯನಿರಬೇಕೆಂದು ಮಾತಿಗೆಳೆಯುತ್ತಾರೆ. ಮೊನ್ನೆ ಒಬ್ಬ ಹೆಣ್ಣುಮಗಳು, ಫಲಕ ಓದಿ ಮುಗಿಸಿ, ಈ ಬೊಮ್ಮಜ್ಜನ ಕಡೆಯವರು ಯಾರಾದರೂ ಇನ್ನೂ ಊರಲ್ಲಿದ್ದಾರೆಯೇ ಎಂದು ಕೇಳಿದಳು.

ಇಲ್ಲ ತಾಯಿ, ಅವರ ಪೈಕಿ ಯಾರೂ ಉಳಿದಿಲ್ಲ ಎಂದೆ.