ನಂಬಿಕೆಯ ಮೇಲೆ ಹತ್ತಬಹುದು

ದಾವಣಗೆರೆಯಲ್ಲೊಂದು ಕಂಪನಿ. ಲಿಫ್ಟ್ ಓಡಿಸುವ ಸಾಫ್ಟ್‌ವೇರ್ ಬರೆಯುವುದು ಅದರ ಕೆಲಸ. ಬರೆದದ್ದನ್ನು ಪರೀಕ್ಷೆ ಮಾಡಿ ಸಹಿ ಹಾಕುವವಳು ಭಾಗೀರಥಿ. ಅವಳ ಸಹಿಯಿಲ್ಲದೆ ಒಂದು ಸಾಲೂ ಹೊರಗೆ ಹೋಗುವಂತಿರಲಿಲ್ಲ.

ಗುರುವಾರ ಮ್ಯಾನೇಜರ್ ಚಂದ್ರಮೌಳಿ ಅವಳ ಮೇಜಿನ ಮುಂದೆ ಬಂದು ನಿಂತರು. "ಸೋಮವಾರ ಆಸ್ಪತ್ರೆ ಉದ್ಘಾಟನೆ. ಅಲ್ಲಿನ ಲಿಫ್ಟಿಗೆ ಹೊಸ ಸಾಫ್ಟ್‌ವೇರ್ ನಾಳೆಯೇ ಹೋಗಬೇಕು. ಸಹಿ ಹಾಕಮ್ಮ."

"ಪರೀಕ್ಷೆಗೆ ಹತ್ತು ದಿನ ಬೇಕು ಸಾರ್. ಆ ಲಿಫ್ಟಲ್ಲಿ ಹೋಗೋರು ರೋಗಿಗಳು."

"ಬರೆದೋರು ನಮ್ಮ ಹುಡುಗರು. ನನಗೆ ನಂಬಿಕೆ ಇದೆ. ಪರೀಕ್ಷೆಗಿರೀಕ್ಷೆ ಏನೂ ಬೇಡ. ನಾಳೆ ಸಹಿ ಇಲ್ಲಾಂದ್ರೆ ಈ ಕುರ್ಚಿ ಮೇಲೆ ನೀನಿರಲ್ಲ!"

ಭಾಗೀರಥಿ ವಾದ ಮಾಡಲಿಲ್ಲ. ಪಟ್ಟು ಬಿಡಲೂ ಇಲ್ಲ.

ಮರುದಿನ ಬೆಳಿಗ್ಗೆ ಆಫೀಸಿನ ಲಿಫ್ಟಿನ ಪಕ್ಕ ಒಂದು ಹಾಳೆ ಅಂಟಿತ್ತು: "ನಮ್ಮ ಹೊಸ ಸಾಫ್ಟ್‌ವೇರ್‌ಗೆ ಪರೀಕ್ಷೆ ಆಗಿಲ್ಲ. ಮ್ಯಾನೇಜರ್ ಸಾಹೇಬರ ನಂಬಿಕೆಯ ಮೇಲೆ ಹತ್ತಬಹುದು."

ಆ ಸಾಫ್ಟ್‌ವೇರ್ ಬರೆದ ಹುಡುಗರೇ ಹಾಳೆ ಓದಿ ಮೆಟ್ಟಿಲ ಕಡೆ ಹೊರಟರು. ಚಂದ್ರಮೌಳಿಯೂ ಬಂದು ಓದಿದರು. ಗುಂಡಿಯವರೆಗೆ ಹೋದ ಬೆರಳು ಹಿಂದಕ್ಕೆ ಬಂತು. ಅತ್ತಿತ್ತ ನೋಡಿದರು. ಯಾರೂ ಇರಲಿಲ್ಲ. ಮೆಲ್ಲಗೆ ಮೆಟ್ಟಿಲು ಹತ್ತಿದರು.

ಆರನೇ ಮಹಡಿ ಮುಟ್ಟುವಷ್ಟರಲ್ಲಿ ಏದುಸಿರು, ಅಂಗಿಯೆಲ್ಲ ಬೆವರು. ಮೆಟ್ಟಿಲ ತುದಿಯಲ್ಲೇ ಭಾಗೀರಥಿ ನಿಂತಿದ್ದಳು. ಒಂದು ಕೈಯಲ್ಲಿ ನೀರಿನ ಲೋಟ, ಇನ್ನೊಂದರಲ್ಲಿ ಹತ್ತು ದಿನ ಕೇಳುವ ಅರ್ಜಿ.

ಸಾಹೇಬರು ನೀರು ಕುಡಿದು ಅರ್ಜಿಗೆ ಸಹಿ ಹಾಕಿದರು. ಆಮೇಲೆ ಸಿಡುಕಿದರು: "ನಮ್ಮ ಲಿಫ್ಟಿಗೇ ಆ ಹೊಸ ಸಾಫ್ಟ್‌ವೇರ್ ಹಾಕು ಅಂತ ಹೇಳಿದ್ಯಾರು?"

"ಹಾಕಿದ್ದೀನಿ ಅಂತ ಎಲ್ಲಿ ಬರೆದಿದ್ದೀನಿ ಸಾರ್? ಅದರಲ್ಲಿರೋದು ಹಳೇದೇ, ನಾನು ಹತ್ತು ದಿನ ಪರೀಕ್ಷೆ ಮಾಡಿದ್ದು. ಈಗ ನಾನು ಬಂದಿದ್ದೂ ಅದರಲ್ಲೇ."