ಕೌದಿಯ ಕೊನೆಯ ಮೂಲೆ

ಮಲಪ್ರಭೆಯ ದಂಡೆಯ ಆ ಪುಟ್ಟ ಮಠದಲ್ಲಿ ಗೋಪುರವಿರಲಿಲ್ಲ, ಸಿಂಹಾಸನವಿರಲಿಲ್ಲ. ಇದ್ದದ್ದು ಒಂದು ಒಲೆ. ಪೂಜ್ಯ ನಿರಂಜನಮ್ಮನವರು ದಿನವೂ ಆ ಒಲೆಯ ಮುಂದೆ ಕುಳಿತು, ಬಂದವರಿಗೆಲ್ಲ ತಮ್ಮ ಕೈಯಾರೆ ಜೋಳದ ರೊಟ್ಟಿ ಬಡಿಯುತ್ತಿದ್ದರು. ಅವರ ದರ್ಶನ ಬೇಕೆಂದವರು ಅಡುಗೆಮನೆಗೇ ಹೋಗಬೇಕು!

ಒಂದು ದಿನ ಫಕೀರವ್ವ ಅಲ್ಲಿಗೆ ಓಡೋಡಿ ಬಂದಳು. ಓಡಿದ್ದು ಅವಳ ಮನಸ್ಸು. ಕಾಲುಗಳು ಹತ್ತು ಹೆಜ್ಜೆಗೊಮ್ಮೆ ನಿಂತು ನಿಂತು ಬಂದವು. ಹಳೆಯ ಬಟ್ಟೆಯ ತುಂಡುಗಳನ್ನು ಜೋಡಿಸಿ ಸುತ್ತಲ ಹಳ್ಳಿಗಳಿಗೆಲ್ಲ ಹೊದೆಯುವ ಕೌದಿ ಹೊಲಿದುಕೊಟ್ಟ ಹೆಂಗಸು ಅವಳು. ನಾಲ್ಕು ವರ್ಷದಿಂದ ಸಂಧಿವಾತ. ಬೆಳಗಾದರೆ ಬೆರಳು ಮಡಚುತ್ತಿರಲಿಲ್ಲ, ಸೂಜಿ ಕೈಯಲ್ಲಿ ನಿಲ್ಲುತ್ತಿರಲಿಲ್ಲ. ಮಗಳು ಚೊಚ್ಚಲ ಬಸುರಿ, ಹೆರಿಗೆಗೆ ಇನ್ನೆರಡು ತಿಂಗಳು. ಮೊಮ್ಮಗುವನ್ನು ತೊಟ್ಟಿಲಿಗೆ ಹಾಕುವ ದಿನ ತಾನು ಹೊಲಿದ ಕೌದಿ ಇರಲೇಬೇಕೆಂದು ತನ್ನ ಮದುವೆಯ ಸೀರೆಯನ್ನೂ ತೀರಿಕೊಂಡ ಗಂಡನ ಧೋತರವನ್ನೂ ಕತ್ತರಿಸಿ ಇಟ್ಟಿದ್ದಳು. ಹೊಲಿಯಲು ಮಾತ್ರ ಕೈ ಏಳದು. ಅಮ್ಮನವರು ಮುಟ್ಟಿದರೆ ಗುಣವಾದೀತೆಂದು ಯಾರೋ ಹೇಳಿದ್ದೇ ತಡ, ಹೊರಟುಬಿಟ್ಟಿದ್ದಳು.

ಒಲೆಯ ಬೆಳಕಿನಲ್ಲಿ ಅವಳಿಗೆ ಅಮ್ಮನವರ ಕೈ ಕಂಡಿತು. ಬೆರಳುಗಳು ಸೊಟ್ಟಗಾಗಿದ್ದವು, ಗಿಣ್ಣುಗಳು ಬಾತಿದ್ದವು. ಅದೇ ರೋಗ!

"ನಿಮ್ಮ ಕೈಗೇ ಗುಣ ಆಗಿಲ್ಲಲ್ರೀ ಅವ್ವಾರ! ನನ್ನ ಕೈ ಏನ್ ಗುಣ ಮಾಡ್ತೀರಿ?" ಸಿಟ್ಟಿಗೆ ಅವಳ ಕಣ್ಣಲ್ಲಿ ನೀರೇ ಬಂತು. ಕುಳಿತಿದ್ದ ಭಕ್ತರು ಹೌಹಾರಿದರು.

ಅಮ್ಮನವರು ನಕ್ಕರು. "ಇಲ್ಲವ್ವಾ, ಗುಣ ಆಗಿಲ್ಲ. ಆದರ ಇವತ್ತಿನ ರೊಟ್ಟಿ ಆಗ್ಯಾವ."

ಫಕೀರವ್ವ ರೊಟ್ಟಿಯ ಬುಟ್ಟಿಯತ್ತ ನೋಡಿದಳು. ನಲವತ್ತಾದರೂ ಇದ್ದವು! ಈ ಕೈಗಳಿಂದ? ಅದನ್ನು ಕಣ್ಣಾರೆ ನೋಡದೆ ಹೋಗಲು ಮನಸ್ಸಾಗದೆ ಮಠದಲ್ಲೇ ಉಳಿದಳು.

ಮರುದಿನ ಬೆಳಗ್ಗೆ ಅಮ್ಮನವರು ಬಿಸಿನೀರಿನಲ್ಲಿ ಕೈ ಅದ್ದಿ, ಒಂದೊಂದೇ ಬೆರಳನ್ನು ಮೆಲ್ಲಗೆ ಮಡಚಿ ಬಿಡಿಸಿದರು. ಗಂಜಿ ಕುಡಿದು, ಡಾಕ್ಟರು ಕೊಟ್ಟ ಗುಳಿಗೆ ನುಂಗಿದರು. ಐದು ರೊಟ್ಟಿ ಬಡಿದು ಸುಮ್ಮನೆ ಕುಳಿತರು. ಕೈ ಚೆನ್ನಾಗಿಯೇ ಆಡುತ್ತಿದ್ದರೂ ಹಿಟ್ಟು ಮುಟ್ಟಲಿಲ್ಲ. ವಚನವೊಂದನ್ನು ಗುನುಗಿ, ಆಮೇಲೆ ಮತ್ತೆ ಐದು.

ಫಕೀರವ್ವನಿಗೆ ತನ್ನ ಹುಚ್ಚಾಟ ಫಕ್ಕನೆ ಹೊಳೆಯಿತು. ಮನೆಯಲ್ಲಿ ಒಂದು ದಿನ ನೋವು ತಗ್ಗಿತೋ, ಗುಳಿಗೆಯನ್ನು ಮೂಲೆಗೆಸೆದು ಹೊತ್ತು ಮುಳುಗುವತನಕ ಹೊಲಿಯುತ್ತಿದ್ದಳು. ಆಮೇಲೆ ಎಂಟು ದಿನ ನರಳುತ್ತ ಮಲಗುತ್ತಿದ್ದಳು.

"ನೋವಿಲ್ಲದ ದಿನಾನೂ ಕೆಲಸ ನಡುವ ನಿಲ್ಲಸಬೇಕೇನ್ರೀ?"

"ಅವತ್ತ ನಿಲ್ಲಸೂದ ಖರೇ ತಪಸ್ಸು," ಎಂದರು ಅಮ್ಮನವರು.

ಊರಿಗೆ ಮರಳಿದ ಫಕೀರವ್ವ, ತಾನು ತೋರಿಸುವುದನ್ನೇ ಬಿಟ್ಟಿದ್ದ ಡಾಕ್ಟರನ್ನು ಮತ್ತೆ ಕಂಡಳು. ದಿನಕ್ಕೆ ಒಂದು ಗೇಣು ಹೊಲಿಗೆ, ಅಷ್ಟೇ. ಕೈ ಹಗುರಾದ ದಿನ ಸೂಜಿ ಕೆಳಗಿಡಲು ಜೀವ ಚಡಪಡಿಸುತ್ತಿತ್ತು; ಹಲ್ಲು ಕಚ್ಚಿ ಇಡುತ್ತಿದ್ದಳು. ಕೈ ಮುಷ್ಕರ ಹೂಡಿದ ದಿನ ಬಿಸಿನೀರಿನಲ್ಲಿ ಅದನ್ನು ರಮಿಸಿ, ನಾಲ್ಕೇ ಹೊಲಿಗೆ ಹಾಕಿ ಮಲಗುತ್ತಿದ್ದಳು. ಸೀರೆಗೆ ಧೋತರ ಕೂಡುತ್ತ ಬಂತು. ಮಗಳು ಹೆತ್ತಳು, ಹೆಣ್ಣುಮಗು!

ತೊಟ್ಟಿಲಿಗೆ ಹಾಕುವ ಹಿಂದಿನ ದಿನ ಫಕೀರವ್ವ ಕೌದಿ ಹೊತ್ತು ಮಠಕ್ಕೆ ಬಂದಳು. ಒಂದು ಮೂಲೆಯನ್ನು ಬೇಕೆಂದೇ ಹೊಲಿಯದೆ ಬಿಟ್ಟಿದ್ದಳು. ಹೊದ್ದವರ ಹೊಟ್ಟೆ ಎಂದೂ ಹಸಿಯಬಾರದೆಂದು ಕೊನೆಯ ಮೂಲೆಗೆ ರೊಟ್ಟಿಯ ಚೂರಿಟ್ಟು ಹೊಲಿಯುವುದು ಅವಳ ಮನೆತನದ ರೂಢಿ.

"ನಿಮ್ಮ ಕೈ ರೊಟ್ಟೀನ ಬೇಕ್ರೀ ಅವ್ವಾರ."

ಅಮ್ಮನವರು ಬಿಸಿ ರೊಟ್ಟಿಯ ಚೂರು ಮುರಿದು ಮೂಲೆಗಿಟ್ಟು ಬಟ್ಟೆಯನ್ನು ಹಿಡಿದರು. ಫಕೀರವ್ವ ಹೊಲಿದಳು. ಹಿಡಿದ ಬೆರಳೂ ಸೊಟ್ಟ, ಹೊಲಿಯುವ ಬೆರಳೂ ಸೊಟ್ಟ.

ಕೋಲೂರಿಕೊಂಡು ಹೊಸದಾಗಿ ಬಂದಿದ್ದ ಮುದುಕನೊಬ್ಬ ಇದನ್ನೆಲ್ಲ ಅನುಮಾನದಿಂದ ನೋಡುತ್ತಿದ್ದ. "ಯವ್ವಾ, ಇಲ್ಲಿಗೆ ಬಂದಮ್ಯಾಲ ನಿನ್ನ ಕೈ ಗುಣ ಆತೇನು?"

ಫಕೀರವ್ವ ಹಲ್ಲಿನಿಂದ ದಾರ ಕಡಿದಳು. ಕೌದಿಯನ್ನು ಅವನ ಮುಂದೆ ಹರವಿದಳು.

"ಇಲ್ಲಪ್ಪಾ, ಗುಣ ಆಗಿಲ್ಲ. ಆದರ ಕೌದಿ ಆಗೇತಿ ನೋಡು!"